ಸೆಕ್ರೆಟರಿಯ ಎಡತೋಳು

ಈ ಕತೆ ಹೇಳುವುದಕ್ಕೆ ನನಗೆ ಯೋಗ್ಯತೆ ಇದೆಯೋ ಇಲ್ಲವೋ ಎಂಬ ಅನುಮಾನ ಬರೆಯಲು ಕೂತಾಗಿನಿಂದ ಕಾಡುತ್ತಿದೆ. ನಾನು ಡಾಕ್ಟರಲ್ಲ, ಕಾಂಪೌಂಡರೂ ಅಲ್ಲ. ಸಂಜೆ ತರಗತಿಗಳಲ್ಲಿ ಓದಿ ಎಸ್ಸೆಸ್ಸೆಲ್ಸಿ ಮುಟ್ಟಿದವನು. ಔಷಧಿಯ ವಿಷಯದಲ್ಲಿ ಏನಾದರೂ ತಪ್ಪು ಬರೆದಿದ್ದರೆ ತಿಳಿದವರು ಮನ್ನಿಸಬೇಕು. ಊರಿನ ಹೆಸರನ್ನೂ ಜನರ ಹೆಸರನ್ನೂ ಬದಲಾಯಿಸಿದ್ದೇನೆ. ಆದರೂ ಒಬ್ಬ ಮನುಷ್ಯನ ಎಡತೋಳಿನಲ್ಲಿ ಒಂದು ದಿನ ನಡೆದದ್ದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಹೇಳದೆ ಇರಲಾರೆ.

ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆ. ಸುಗಟೂರಿನಿಂದ ಎರಡು ಮೈಲಿ ಒಳಗಿರುವ ಹುಣಸೆಕುಂಟೆಯಲ್ಲಿ ಹಾಲಿನ ಡೈರಿ ಶುರುವಾಗಿ ಎರಡು ವರ್ಷವಾಗಿತ್ತು. ಅದರ ಸೆಕ್ರೆಟರಿ ಚನ್ನರಾಯಪ್ಪ. ಬೆಳಿಗ್ಗೆ, ಸಂಜೆ ಊರೆಲ್ಲ ಚೊಂಬು, ಕ್ಯಾನು ಹಿಡಿದು ಅವನ ಮುಂದೆ ಸಾಲು ನಿಲ್ಲುತ್ತಿತ್ತು. ಅವನು ಒಬ್ಬೊಬ್ಬರ ಹಾಲಿಗೂ ಲ್ಯಾಕ್ಟೋಮೀಟರ್ ಎಂಬ ಗಾಜಿನ ಕೊಳವೆಯನ್ನು ಇಳಿಬಿಡುತ್ತಿದ್ದ. ಅದು ಹೆಚ್ಚು ಮುಳುಗಿದರೆ ತಲೆ ಎತ್ತದೆ, "ನೀರು" ಎನ್ನುತ್ತಿದ್ದ. ಹೀಗೆ ವಾರಕ್ಕೆ ಮೂರು ಸಲವಾದರೂ ಅನ್ನಿಸಿಕೊಳ್ಳುತ್ತಿದ್ದವನು ಅಶ್ವತ್ಥಪ್ಪ. ಅವನ ಎಮ್ಮೆ ಬಾವಿಯ ಪಕ್ಕದಲ್ಲೇ ಕಟ್ಟಿರುವುದರಿಂದ ಹಾಗಾಗುತ್ತದೆ ಎಂದು ಅವನ ವಾದ.

ಆ ಬೇಸಿಗೆಯಲ್ಲಿ ಕೆರೆಯಾಚೆಯ ಹಳ್ಳಿಯಲ್ಲಿ ವಾಂತಿ-ಭೇದಿ ಕಾಣಿಸಿಕೊಂಡಿತು. ಇಬ್ಬರನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ಕೋಲಾರದ ಆಸ್ಪತ್ರೆಗೆ ಸಾಗಿಸಿದರು. ಮೂರನೇ ದಿನಕ್ಕೆ ಹುಣಸೆಕುಂಟೆಗೆ ಕಾಲರಾ ಸೂಜಿ ಬಂತು. ತಂದವರು ನರ್ಸು ಕದಿರಮ್ಮ, ಮುಳಬಾಗಿಲು ಕಡೆಯವರು. ಒಂದು ಕೈಯಲ್ಲಿ ಐಸ್ ಡಬ್ಬಿ, ಇನ್ನೊಂದರಲ್ಲಿ ಸೂಜಿ ಕುದಿಸುವ ಪಂಪ್ ಸ್ಟವ್.

ಬೆಳಗಿನ ಹಾಲಿನ ಹೊತ್ತಿಗೇ ಅವರು ಡೈರಿಯ ಜಗಲಿಯ ಮೇಲೆ ಸ್ಟವ್ ಹೊತ್ತಿಸಿದರು. ಊರಿನಲ್ಲಿ ಒಬ್ಬರೂ ತೋಳು ಕೊಡಲಿಲ್ಲ. ಎರಡು ಮೂರು ವರ್ಷದ ಹಿಂದೆ ಮಕ್ಕಳಾಗದ ಆಪರೇಷನ್ನಿಗೆ ಗಂಡಸರನ್ನು ಹಿಡಿಯುವ ಜೀಪು ಬಂದಾಗ ಹಿಪ್ಪುನೇರಳೆ ತೋಟಕ್ಕೆ ಓಡಿದ್ದ ಗಂಡಸರೆಲ್ಲ ಈಗಲೂ ತೋಟದ ದಿಕ್ಕಿಗೇ ಮುಖ ಮಾಡಿ ನಿಂತಿದ್ದರು.

"ವೇಮಗಲ್ ಕಡೆ ಒಬ್ಬ ಹಾಕಿಸ್ಕೊಂಡನಂತೆ, ಕೈ ಮೇಲಕ್ಕೆತ್ತಿದೋನು ಇಳಿಸೋಕೇ ಆಗ್ಲಿಲ್ಲವಂತೆ" ಎಂದ ಅಶ್ವತ್ಥಪ್ಪ.

"ಅದು ಕೈಯಲ್ಲ ಕಣೋ, ನಾಲಿಗೆ ಬಿದ್ದೋಯ್ತಂತೆ" ಎಂದಳು ದೊಡ್ಡಮುನಿಯಮ್ಮಜ್ಜಿ. ಎಪ್ಪತ್ತು ದಾಟಿದ ಅವಳ ಮಾತಿಗೆ ಊರಿನಲ್ಲಿ ಎದುರಿರಲಿಲ್ಲ.

ಡೈರಿಯ ಅಧ್ಯಕ್ಷ ಅಪ್ಪಾಜಪ್ಪ ಮೀಸೆ ತೀಡಿ ತೀರ್ಪು ಕೊಟ್ಟ. "ಮೊದ್ಲು ಸೆಕ್ರೆಟ್ರಿ ಹಾಕಿಸ್ಕೊಳ್ಲಿ. ಹಾಲಲ್ಲಿ ನೀರಿದ್ರೆ ಕಂಡುಹಿಡಿಯೋನು, ಸೂಜೀಲಿ ವಿಷ ಇದ್ರೆ ಕಂಡುಹಿಡಿಯಲ್ವಾ? ಸಂಜೆ ಹಾಲಿನವರೆಗೂ ನೋಡಾಣ. ಏನಾಯ್ತದೋ ನೋಡ್ಕಂಡು ಆಮೇಲೆ ನಾವು."

ಚನ್ನರಾಯಪ್ಪನ ಮುಖ ಕೆನೆ ತೆಗೆದ ಹಾಲಿನಂತಾಯಿತು. ಹಸುವಿಗೆ ಸೂಜಿ ಹಾಕುವಾಗಲೂ ಕೊಟ್ಟಿಗೆಯಿಂದಾಚೆ ಹೋಗಿ ನಿಲ್ಲುತ್ತಿದ್ದ ಮನುಷ್ಯ ಅವನು. ಇಲ್ಲ ಎನ್ನಲು ಬಾಯಿ ತೆರೆದ. ಆದರೆ ಸಾಲಿನಲ್ಲಿ ಹೆಂಡತಿ ಭಾರತಮ್ಮ ನಾಲ್ಕು ವರ್ಷದ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. "ಊರೋರೆಲ್ಲ ಹಾಕಿಸ್ಕೊಂಡ್ರೆ ಮಗೂಗೂ ಹಾಕಿಸ್ತೀನಿ, ಇಲ್ದಿದ್ರೆ ನನ್ನ ಮಗೂನ ಮುಟ್ಟಕೂಡ್ದು" ಎಂದು ಹಿಂದಿನ ರಾತ್ರಿಯೇ ಹೇಳಿಬಿಟ್ಟಿದ್ದಳು. ಮಗು ದಿನಾ ಕಾಲಾಡಿಸುತ್ತಿದ್ದದ್ದು ಅದೇ ಕೆರೆಯ ನೀರಿನಲ್ಲಿ. ಚನ್ನರಾಯಪ್ಪ ಕಣ್ಣು ಬಿಗಿಯಾಗಿ ಮುಚ್ಚಿ ಎಡತೋಳು ಮುಂದಕ್ಕೆ ಚಾಚಿದ.

ಚುಚ್ಚಿ ಮುಗಿಸಿದ ಮೇಲೆ ಕದಿರಮ್ಮ ಅವನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು. "ಅಣ್ಣಾ, ಒಂದೆರಡು ಗಂಟೇಲಿ ತೋಳು ಊದ್ಕೊಳ್ತದೆ. ಮಧ್ಯಾಹ್ನಕ್ಕೆ ಜ್ವರ, ಚಳಿ. ಆಮೇಲೆ ತಲೆ ತಿರುಗಿದ್ರೂ ತಿರುಗ್ತದೆ. ಒಂದು ದಿನ ಅಷ್ಟೇ, ಭಯ ಬೀಳ್ಬೇಡಿ."

ಅವನಿಗೆ ಕೊನೆಯ ಮಾತೊಂದು ಬಿಟ್ಟು ಉಳಿದೆಲ್ಲ ಕೇಳಿಸಿತು. ಇದು ಊರಿಗೆ ತಿಳಿದರೆ ಒಬ್ಬರೂ ಹಾಕಿಸಿಕೊಳ್ಳುವುದಿಲ್ಲ, ಮಗುವಿಗೂ ಸೂಜಿಯಿಲ್ಲ. ಸಂಜೆಯವರೆಗೆ ಏನಾದರೂ ಆಗಲಿ, ಏನೂ ಆಗಿಲ್ಲವೆಂದೇ ಇರಬೇಕೆಂದು ನಿಶ್ಚಯಿಸಿದ. ಕದಿರಮ್ಮ ಸಂಜೆ ಬರುತ್ತೇನೆಂದು ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸಲು ಹೋದರು.

ಒಂಬತ್ತೂವರೆಗೆ ತೋಳು ಊದಿಕೊಂಡಿತು. ಹೇಳಿದ ಮಾತಿಗೆ ಅದು ಹೀಗೆ ತಪ್ಪದೆ ನಡೆದುಕೊಂಡದ್ದನ್ನು ಕಂಡು ಚನ್ನರಾಯಪ್ಪನಿಗೆ ಔಷಧಿಯ ಮೇಲೆ ಭಯಭಕ್ತಿ ಹುಟ್ಟಿತು. ಅಷ್ಟರಲ್ಲಿ ಅಶ್ವತ್ಥಪ್ಪ ಹಿಂಡಿ ಕೇಳುವ ನೆಪದಲ್ಲಿ ಡೈರಿಗೆ ಬಂದು, "ಏನ್ ಸೆಕ್ರೆಟ್ರಿ, ಬದುಕಿದ್ದೀಯಾ?" ಎಂದು ನೇರವಾಗಿ ಎಡತೋಳಿನ ಮೇಲೇ ಒಂದು ಏಟು ಕೊಟ್ಟ.

ಚನ್ನರಾಯಪ್ಪನ ಗಂಟಲಿನಿಂದ ಕರು ಕಳಕೊಂಡ ಹಸುವಿನಂಥ ಸ್ವರ ಹೊರಟಿತು.

"ಸೂಜಿ ನೋವಾ?" ಅಶ್ವತ್ಥಪ್ಪನ ಕಣ್ಣು ಅರಳಿತು.

"ಸೂಜಿ ಎಲ್ಲಿ ಬಂತು? ಕಡಜ! ಈಗ್ಲೇ ಕಡಜ ಕಚ್ತು, ಅದೇ ಜಾಗಕ್ಕೆ."

"ಕಡಜಕ್ಕೆ ಸುಣ್ಣ ಹಚ್ಬೇಕಪ್ಪ!" ಅಶ್ವತ್ಥಪ್ಪ ಸೊಂಟದ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಗೋಡೆಗೆ ಬಳಿದಂತೆ ಬಳಿದ. ಅವನು ಹೋದ ಅರ್ಧ ಗಂಟೆಯಲ್ಲಿ ಸೆಕ್ರೆಟರಿಗೆ ಕಡಜ ಕಚ್ಚಿದ ಸುದ್ದಿ ಊರಿಗೆಲ್ಲ ಹಬ್ಬಿ, ಮೂರು ಮನೆಯಿಂದ ಮತ್ತೆ ಸುಣ್ಣ ಬಂತು.

ಮಧ್ಯಾಹ್ನಕ್ಕೆ ಸರಿಯಾಗಿ ಜ್ವರ. ಹೊರಗೆ ಕಾಗೆಯೂ ನೆರಳು ಬಿಟ್ಟು ಕದಲದ ಬಿಸಿಲು. ಒಳಗೆ ಚನ್ನರಾಯಪ್ಪನಿಗೆ ಗಡಗಡ ಚಳಿ. ಹಿಂಡಿ ಮೂಟೆಗಳ ಹಿಂದೆ ಗೋಣಿಚೀಲ ಹೊದ್ದು ಮುದುರಿಕೊಂಡ. ದೊಡ್ಡಮುನಿಯಮ್ಮಜ್ಜಿ ಕೋಲೂರಿಕೊಂಡು ಬಂದು ಮೂಟೆಗಳ ಮೇಲಿಂದ ಇಣುಕಿದಳು.

"ಯಾಕಪ್ಪಾ ಗೋಣಿ ಹೊದ್ಕಂಡಿದೀಯಾ?"

"ಇಲಿ ಅಜ್ಜೀ. ಹಿಂಡಿ ತಿಂತವೆ. ಕಾಣದಂಗೆ ಕೂತು ಹಿಡಿಯಾಣ ಅಂತ."

"ಹಲ್ಲು ಯಾಕೆ ಕಟಕಟ ಅಂತಿದಾವೆ?"

"ಶ್ರೀನಿವಾಸಪುರದಿಂದ ಮಾವಿನಕಾಯಿ ಬಂದಿತ್ತು. ನಾಲ್ಕು ತಿಂದೆ. ಹಲ್ಲು ಚುಳ್ ಅಂತದೆ."

ಅಜ್ಜಿ ಅವನ ಮುಖವನ್ನೇ ನೋಡಿದಳು. ಮಾವಿನಕಾಯಿ ಹುಳಿಗೆ ಬಿಸಿ ರಾಗಿ ಅಂಬಲಿ ಒಳ್ಳೆಯದೆಂದು ಹೋಗಿ ಒಂದು ಚೊಂಬು ತಂದು, ಎದುರಿಗೇ ಕೂತು ಕುಡಿಸಿದಳು. ಬಾಯಿ ಸುಟ್ಟಿತು, ಚಳಿ ಹೋಗಲಿಲ್ಲ. ಅಂಬಲಿ ಮುಗಿಯುವವರೆಗೂ ಅವಳ ಕೋಲು ಇಲಿಗಾಗಿ ಮೂಟೆಗಳ ಸಂದಿಯಲ್ಲಿ ಆಡುತ್ತಲೇ ಇತ್ತು. ಎರಡು ಸಲ ಅವನ ಮೊಣಕಾಲಿಗೆ ಬಿತ್ತು.

ಮೂರು ಗಂಟೆಗೆ ತಲೆ ತಿರುಗಿತು. ಬೀದಿಯಲ್ಲಿ ಹೋಗುತ್ತಾ ಅವನು ಎಡಕ್ಕೊಂದು ಹೆಜ್ಜೆ ಬಲಕ್ಕೊಂದು ಹೆಜ್ಜೆ ಇಟ್ಟದ್ದನ್ನು ಕಟ್ಟೆಯ ಮೇಲಿಂದ ಅಪ್ಪಾಜಪ್ಪ ನೋಡಿದ. "ಏನ್ಲಾ ಅದು ನಡಿಗೆ?"

"ಚಪ್ಪಲಿ ಬಾರು ಕಿತ್ತೋಗೈತೆ!" ಎಂದ ಚನ್ನರಾಯಪ್ಪ. ಅಪ್ಪಾಜಪ್ಪ ಚಪ್ಪಲಿಯತ್ತ ಬಗ್ಗಿ ನೋಡುವುದರೊಳಗೆ ತಾನೇ ಕಾಲ್ಬೆರಳಿನಿಂದ ಮೀಟಿ ಬಾರು ಕಿತ್ತ. ಹೊಸ ಚಪ್ಪಲಿ ಅದು. ಆಮೇಲೆ ಸಂಜೆಯವರೆಗೂ ಆ ಕಾದ ನೆಲದ ಮೇಲೆ ಒಂದೇ ಚಪ್ಪಲಿಯಲ್ಲಿ ಕುಂಟಿದ.

ಸಂಜೆ ಊರೆಲ್ಲ ಡೈರಿಯ ಮುಂದೆ ಸೇರಿತು. ಕದಿರಮ್ಮ ಮತ್ತೆ ಸ್ಟವ್ ಹೊತ್ತಿಸಿ ಕೂತಿದ್ದರು. ಯಾಕೋ ಅವರ ಮುಖ ಬಾಡಿತ್ತು. ಬಂದಾಗಿನಿಂದ ಚನ್ನರಾಯಪ್ಪನಿಗೆ ಏನೋ ಸನ್ನೆ ಮಾಡುತ್ತಿದ್ದರು. ಅವನು ನೆಟ್ಟಗೆ ನಿಲ್ಲುವ ಪ್ರಯತ್ನದಲ್ಲಿ ಅದನ್ನು ನೋಡಲಿಲ್ಲ.

ಅಪ್ಪಾಜಪ್ಪ ಗಂಟಲು ಸರಿಮಾಡಿಕೊಂಡ. "ಹೇಳಪ್ಪಾ ಸೆಕ್ರೆಟ್ರಿ, ಎಲ್ಲಾರ ಮುಂದೆ ಹೇಳು. ಏನಾದ್ರೂ ಆಯ್ತಾ?"

"ಏನೂ ಆಗ್ಲಿಲ್ಲ" ಎಂದ ಚನ್ನರಾಯಪ್ಪ, ಗೆದ್ದವನಂತೆ. "ಒಂಚೂರೂ ಏನೂ ಆಗ್ಲಿಲ್ಲ. ಮಲ್ಲಿಗೆ ಹೂ ತಾಕಿದಂಗಿತ್ತು."

ಜನ ಮೆಚ್ಚಿ ತಲೆದೂಗುತ್ತಾರೆಂದು ಕಾದ. ಯಾರೂ ತಲೆದೂಗಲಿಲ್ಲ.

"ಏನೂ ಆಗ್ಲಿಲ್ವಾ?" ದೊಡ್ಡಮುನಿಯಮ್ಮಜ್ಜಿ ನಿಧಾನವಾಗಿ ಕೇಳಿದಳು. "ಜ್ವರ ಇಲ್ಲ? ಊತ ಇಲ್ಲ? ಅಂಗಾದ್ರೆ ಅದು ಔಷಧೀನೇ ಅಲ್ಲ. ನಮ್ಮೆಮ್ಮೆಗೆ ಸೂಜಿ ಆಕ್ದಾಗ ಮೂರು ದಿನ ಮೇವು ಮುಟ್ಲಿಲ್ಲ, ಗೋಡೆ ಕೆಡವ್ತು. ಔಷಧಿ ಅಂದ್ರೆ ಅದು! ಇದು ಬರೀ ನೀರು."

"ನೀರು!" ಅಶ್ವತ್ಥಪ್ಪ ಎರಡು ವರ್ಷದಿಂದ ಈ ಗಳಿಗೆಗೇ ಕಾದಿದ್ದವನಂತೆ ಮುಂದೆ ಹಾರಿದ. "ಎಲ್ಲಿ ನಿನ್ ಮೀಟ್ರು? ನನ್ ಹಾಲಿಗೆ ಬಿಡ್ತೀಯಲ್ಲ, ಬಿಡು ಈಗ ಆ ಸೀಸೆಗೆ!"

ಚನ್ನರಾಯಪ್ಪ ಸೀಸೆಗೆ ಅಡ್ಡ ಬಂದ. "ಇಲ್ಲ ಇಲ್ಲ, ಆಯ್ತು! ಜ್ವರ ಬಂತು! ನೋಡಿ ಇಲ್ಲಿ, ತೋಳು ಹೆಂಗೆ ಊದೈತೆ!" ಎಂದು ಅಂಗಿಯ ತೋಳು ಮೇಲೇರಿಸಿದ. ಒಣಗಿದ ಸುಣ್ಣ ಹಪ್ಪಳದಂತೆ ಉದುರಿತು.

"ಅದು ಕಡಜ" ಎಂದ ಅಶ್ವತ್ಥಪ್ಪ. "ಸುಣ್ಣ ಹಚ್ಚಿದೋನು ನಾನೇ."

"ಚಳಿ ಬಂದು ಹಲ್ಲು ಕಟಕಟ ಅಂತಿತ್ತು!"

"ಅದು ಮಾವಿನಕಾಯಿ" ಎಂದಳು ಅಜ್ಜಿ. "ಅಂಬಲಿ ಕುಡಿಸಿದೋಳು ನಾನೇ."

"ತಲೆ ತಿರುಗಿ ಬೀಳೋಂಗಾಗಿತ್ತು!"

"ಅದು ಚಪ್ಪಲಿ ಬಾರು" ಎಂದ ಅಪ್ಪಾಜಪ್ಪ, ಬೇಸರದಿಂದ. "ಓದ್ದೋನು ನೀನೇ ಇಂಗೆ ಸುಳ್ಳು ಹೇಳಿದ್ರೆ ಹೆಂಗಪ್ಪ?"

ಜನ ಕ್ಯಾನು ಎತ್ತಿಕೊಂಡು ಹೊರಡಲು ತಿರುಗಿದರು. ಭಾರತಮ್ಮನೂ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು. ಚನ್ನರಾಯಪ್ಪ ಓಡಿಹೋಗಿ ದಾರಿಗೆ ಅಡ್ಡ ನಿಂತ. "ನಿಂತ್ಕಳ್ಳಿ! ಈಗ ನಿಮ್ಮೆದುರಿಗೇ ಇನ್ನೊಂದು ಹಾಕಿಸ್ಕೊಂತೀನಿ. ಬಲತೋಳಿಗೆ. ಕಣ್ಣಾರೆ ನೋಡಿ."

ಎರಡು ಸೂಜಿ ಸೇರಿದರೆ ಏನಾಗುತ್ತದೋ ಅವನಿಗೆ ತಿಳಿಯದು. ಒಂದಕ್ಕೇ ಈ ಗತಿ. ಬೆವರೊರೆಸಿಕೊಳ್ಳುತ್ತಾ ಸಿರಿಂಜಿನ ಮುಂದೆ ಕೂತಾಗ ಕದಿರಮ್ಮ ಹಾಲಿನ ದೊಡ್ಡ ಕ್ಯಾನಿನ ಮರೆಗೆ ಬಗ್ಗಿ, ತುಟಿ ಅಲುಗಿಸದೆ ಹೇಳಿದರು. "ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ, ಯಾರಿಗೂ ಹೇಳ್ಬೇಡಿ, ನನ್ನ ಕೆಲಸ ಹೋಗ್ತದೆ. ಬೆಳಿಗ್ಗೆ ಚುಚ್ಚಿದ್ದು ನೀರೇ. ಪೆನ್ಸಿಲಿನ್ನಿಗೆ ಬೆರೆಸೋ ನೀರಿನ ಸೀಸೆ. ಐಸಲ್ಲಿ ನೆಂದು ಅದರ ಚೀಟೀನೂ ಔಷಧಿ ಸೀಸೆ ಚೀಟೀನೂ ಬಿದ್ದೋಗಿತ್ತು. ಮಧ್ಯಾಹ್ನ ನೋಡ್ತೀನಿ, ಔಷಧಿ ಸೀಸೆ ಒಂದನ್ನೂ ತೆಗೆದೇ ಇಲ್ಲ."

ಚನ್ನರಾಯಪ್ಪ ಅವರ ಕೈಯಲ್ಲಿದ್ದ ಸೀಸೆ ನೋಡಿದ. ಒಳಗಿನದು ಗಂಜಿ ತಿಳಿಯಂತೆ ಮಸುಕಾಗಿತ್ತು. ದಿನಕ್ಕೆ ಎರಡು ಹೊತ್ತು ಹಾಲಿನಲ್ಲಿ ನೀರು ಕಂಡುಹಿಡಿಯುವವನು, ಬೆಳಿಗ್ಗೆ ಕಣ್ಣು ಬಿಟ್ಟಿದ್ದರೆ ಒಂದೇ ನೋಟಕ್ಕೆ ಹಿಡಿದುಬಿಡುತ್ತಿದ್ದ.

"ಹಂಗಾದ್ರೆ ನನ್ ಜ್ವರ?" ಎಂದ ಪಿಸುಮಾತಿನಲ್ಲಿ.

"ಅದೇ ನಂಗೂ ತಿಳೀತಿಲ್ಲ" ಎಂದರು ಕದಿರಮ್ಮ. ಅವನ ಹಣೆ ಮುಟ್ಟಿ ನೋಡಿದರು. ಹಣೆ ಸುಡುತ್ತಿತ್ತು. ಊದಿದ ತೋಳು ನೋಡಿದರು. ಇಬ್ಬರೂ ಒಂದು ಕ್ಷಣ, ದೇವರ ಗುಡಿಯಲ್ಲಿ ಬಾಗಿಲು ತೆರೆದಾಗ ನಿಲ್ಲುವಂತೆ, ಆ ತೋಳಿನ ಮುಂದೆ ಕೂತರು. ನಿಜಕ್ಕೂ ಕಡಜವೇ ಕಚ್ಚಿತ್ತೇನೋ ಎಂದು ಚನ್ನರಾಯಪ್ಪನಿಗೇ ಅನುಮಾನ ಬಂತು.

"ಏನ್ರಪ್ಪಾ ಗುಸುಗುಸು?" ಅಶ್ವತ್ಥಪ್ಪ ಕೂಗಿದ.

ಸೂಜಿ ಇಳಿಯಿತು. ನೋಯಲಿಲ್ಲ. ಆದರೆ ಚನ್ನರಾಯಪ್ಪನಿಗೆ ಈಗ ಬುದ್ಧಿ ಬಂದಿತ್ತು. ಸುಗಟೂರಿನ ಬಸ್ ಸ್ಟ್ಯಾಂಡಿಗೆ ಕೇಳಿಸುವಂತೆ "ಅಯ್ಯಯ್ಯಪ್ಪೋ, ಸತ್ತೆ!" ಎಂದು ಚೀರಿ ಕ್ಯಾನಿನ ಮೇಲೆ ಒರಗಿದ. ಅಜ್ಜಿಯ ಮುಖ ಅರಳಿತು. "ಇದು ಔಷಧಿ!" ಎಂದು ಕುಪ್ಪಸದ ತೋಳು ಮೇಲೇರಿಸಿ ಮೊದಲು ಕೂತವಳು ಅವಳೇ. ದೀಪ ಹಚ್ಚುವ ಹೊತ್ತಿಗೆ ಇಡೀ ಊರು ಮುಗಿಯಿತು. ಕೊನೆಗೆ ಮಗುವೂ. ಅದು ಅಳಲಿಲ್ಲ, ಅಪ್ಪನ ಕಣ್ಣಲ್ಲಿ ನೀರು ಬಂತು.

ಮರುದಿನ ಬೆಳಿಗ್ಗೆ ಚನ್ನರಾಯಪ್ಪ ಹೊಸ ಎತ್ತಿನಂತೆ ಎದ್ದ. ಜ್ವರವಿಲ್ಲ, ಊತವಿಲ್ಲ, ಎರಡು ತೋಳೂ ಹಗುರ. ಶಿಳ್ಳೆ ಹಾಕುತ್ತಾ ಡೈರಿಯ ಬಾಗಿಲು ತೆರೆದ. ಆರೂವರೆ ಆಯಿತು, ಏಳಾಯಿತು, ಒಬ್ಬರೂ ಬರಲಿಲ್ಲ. ಏಳೂವರೆಗೆ ಬೀದಿಯ ತುದಿಯಲ್ಲಿ ಒಂದು ಮೆರವಣಿಗೆ ಕಾಣಿಸಿತು. ಕಂಬಳಿ ಹೊದ್ದವರು, ತಲೆಗೆ ಬಟ್ಟೆ ಕಟ್ಟಿದವರು, ಊದಿದ ತೋಳನ್ನು ಕೂಸಿನಂತೆ ಎತ್ತಿಕೊಂಡವರು. ಹಾಲು ಕರೆಯಲು ಕೈಯೇ ಏಳದೆ ಎಲ್ಲರ ಚೊಂಬಿನಲ್ಲೂ ಕಾಲು ಭಾಗ. ಎಲ್ಲರಿಗಿಂತ ಮುಂದೆ, ಹಲ್ಲು ಕಟಕಟಿಸುತ್ತಾ ಅಶ್ವತ್ಥಪ್ಪ.

ಅವನು ಬಂದು ಸೆಕ್ರೆಟರಿಯನ್ನು ಮೇಲಿಂದ ಕೆಳಗೆ ನೋಡಿದ. "ನಿಂಗೆ ಜ್ವರ?"

"ಇ... ಇಲ್ಲ."

"ತೋಳು?"

ಚನ್ನರಾಯಪ್ಪ ಬಲತೋಳು ಎತ್ತಿ ನರಳಲು ನೋಡಿದ. ಅಜ್ಜಿ ಕೋಲಿನಿಂದ ಅಲ್ಲಿಗೇ ಒಂದು ತಿವಿದಳು. ನೋಯಲಿಲ್ಲವಾದ್ದರಿಂದ ನರಳಿಕೆ ತಡವಾಗಿ ಬಂತು.

"ಗೊತ್ತಾಯ್ತು ಬಿಡು" ಎಂದಳು. "ನಮಗೆ ಔಷಧಿ, ನಿನಗೆ ನೀರು. ಅದಕ್ಕೇ ಕ್ಯಾನಿನ ಹಿಂದೆ ಆವಮ್ಮನ ಜೊತೆ ಅಷ್ಟು ಗುಸುಗುಸು!"

ಅವನು ಬಾಯಿ ತೆರೆದ. ನೀರು ಹಾಕಿಸಿಕೊಂಡದ್ದು ನಿಜ, ಆದರೆ ಅದು ಸಂಜೆಯದಲ್ಲ, ನಿನ್ನೆ ಬೆಳಗಿನದು ಎನ್ನಬೇಕೆಂದಿದ್ದ. ಕದಿರಮ್ಮನ ಬಾಡಿದ ಮುಖ ನೆನಪಾಯಿತು. ಬಾಯಿ ಮುಚ್ಚಿದ. ಅಶ್ವತ್ಥಪ್ಪನ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟ. ಅದು ಹಾಲಿನಲ್ಲಿ ಕುತ್ತಿಗೆಯವರೆಗೂ ಮುಳುಗಿತು.

"ಹೇಳು ಮತ್ತೆ" ಎಂದ ಅಶ್ವತ್ಥಪ್ಪ, ಕಂಬಳಿಯೊಳಗಿಂದ.

ಚನ್ನರಾಯಪ್ಪ ಲ್ಯಾಕ್ಟೋಮೀಟರ್ ಒರೆಸಿಟ್ಟು ಹಾಲನ್ನು ಕ್ಯಾನಿಗೆ ಸುರಿದುಕೊಂಡ. ಅವನು ಆ ಕೆಲಸದಲ್ಲಿ ಇರುವವರೆಗೂ "ನೀರು" ಎಂಬ ಮಾತನ್ನು ಅವನ ಬಾಯಿಂದ ಊರಿನವರು ಮತ್ತೆ ಕೇಳಲಿಲ್ಲವಂತೆ.

ಇದನ್ನು ಕದಿರಮ್ಮನವರೇ, ಬೇರೆ ಕಡೆಗೆ ವರ್ಗವಾಗಿ ಹೋಗುವಾಗ, ನನಗೆ ಹೇಳಿದ್ದು. ಆ ವರ್ಷ ಹುಣಸೆಕುಂಟೆಗೆ ವಾಂತಿ-ಭೇದಿ ಬರಲಿಲ್ಲ. ಸೂಜಿಯಿಂದಲೋ, ಬಾವಿಗೆ ಹಾಕಿಸಿದ ಪುಡಿಯಿಂದಲೋ, ಹೇಳಲಾರೆ. ನೀರು ಒಳಗೆ ಹೋಗಿ, ಹೇಳಿದ ಹೊತ್ತಿಗೆ ಹೇಳಿದ ಹಾಗೆ ಊತವೂ ಜ್ವರವೂ ಆದದ್ದು ಹೇಗೆ, ಇಡೀ ಊರನ್ನು ಮಲಗಿಸಿದ ಔಷಧಿ ಅವನೊಬ್ಬನನ್ನು ಮುಟ್ಟದೆ ಬಿಟ್ಟದ್ದು ಯಾಕೆ ಎಂದು ಔಷಧಿಯ ವಿಷಯ ಬಲ್ಲ ಇಬ್ಬರು ಮೂವರನ್ನು ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳಿದರು. ಕೇಳುವಾಗ ಎಲ್ಲವೂ ಸರಿಯೆನ್ನಿಸಿತು, ಮನೆಗೆ ಬಂದ ಮೇಲೆ ಯಾವುದೂ ಸಾಲಲಿಲ್ಲ. ನನಗೆ ಗೊತ್ತಿಲ್ಲ.