ಕಂಪನಕ್ಕೂ ಕಂಪನಿಗೂ ಸಂಬಂಧವಿಲ್ಲ

ಸಂಡೂರು ತಾಲ್ಲೂಕಿನ ಬಂಡ್ರಿಯ ಗೋಡೆಗಳಲ್ಲಿರುವ ಬಿರುಕುಗಳೆಲ್ಲವೂ ಸದರಿ ಗ್ರಾಮದ ದುರುಗೇಶ್ ಎಂಬುವವರ ಕಾರಿನ ಡಿಕ್ಕಿಯಲ್ಲಿರುವ ಸಬ್‌ವೂಫರ್ ಪೆಟ್ಟಿಗೆಯಿಂದ ಉಂಟಾದವು ಎಂದು ಕಂಪನ ಪರಿಶೀಲನಾ ಕೋಶವು ತೀರ್ಮಾನಿಸಿದೆ. ತೀರ್ಮಾನವು ಸೂಕ್ತ ಮಾರ್ಗದಲ್ಲಿ ಬಂದಿರುವುದರಿಂದ ಅದು ಸತ್ಯ. ಈ ಸತ್ಯವು ಬೆಳಕಿಗೆ ಬಂದ ಬಗೆಯನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನಿರೂಪಿಸಲಾಗಿದೆ.

ದುರುಗೇಶ್ ಹೊಸಪೇಟೆ ಬಸ್ ನಿಲ್ದಾಣದ ಬಳಿ ಮೊಬೈಲ್ ರಿಪೇರಿ ಮಾಡುವವನು. ಒಂದು ಹಳೇ ಕಾರು ಕೊಂಡಿದ್ದ. ಆ ಕಾರಿನ ಎಂಜಿನ್ ಸದ್ದು ಕೇಳಿಸದಿರಲಿ ಎಂಬ ಕಾರಣಕ್ಕೆ ಒಂದು ಸಬ್‌ವೂಫರನ್ನೂ ತಂದ. ಸಬ್‌ವೂಫರ್ ಎಂದರೆ ಹಾಡಿನ ಮಾತು, ರಾಗ ಎಲ್ಲವನ್ನೂ ಬಿಟ್ಟು ತಳದ ಧಂ ಧಂ ಒಂದನ್ನೇ ಹೊರಡಿಸುವ ಅಗಲ ಬಾಯಿಯ ಸ್ಪೀಕರು. ಅದನ್ನು ಹಾಗೇ ನೆಲದ ಮೇಲಿಟ್ಟರೆ ಕೆಮ್ಮುತ್ತದೆ. ಅಳತೆಯ ಪೆಟ್ಟಿಗೆಯಲ್ಲಿ ಕೂರಿಸಿದರೆ ಮಾತ್ರ ಗುಡುಗುತ್ತದೆ. ಅಂಗಡಿಯ ಪೆಟ್ಟಿಗೆಗಳು ಅವನ ಡಿಕ್ಕಿಗೆ ಹೊಂದಲಿಲ್ಲ. ಒಂದು ಕಡೆ ಚಕ್ರದ ಉಬ್ಬು ಅಡ್ಡ ಬರುತ್ತಿತ್ತು. ಆದ್ದರಿಂದ ತಾನೇ ಮಾಡುವುದೆಂದು ನಿಶ್ಚಯಿಸಿದ.

ಹಳೇ ಪೇಪರುಗಳನ್ನು ಅಂಟಿಸಿ ಡಿಕ್ಕಿಯ ಆಕಾರಕ್ಕೆ ಕತ್ತರಿಸಿಕೊಂಡ. ಅದನ್ನು ದಪ್ಪ ಪ್ಲೈವುಡ್ಡಿನ ಮೇಲಿಟ್ಟು ಗೆರೆ ಎಳೆದು, ಕೊಯ್ದು, ಅಂಟು ಹಾಕಿ, ಸ್ಕ್ರೂ ಬಿಗಿದ. ಒಳಗೆ ಎಷ್ಟು ಗಾಳಿ ಹಿಡಿಯುತ್ತದೆಂದು ತಿಳಿಯಲು ಮನೆಯ ಜೋಳವನ್ನು ಸೇರಿನಿಂದ ಅಳೆದು ಸುರಿದ. ಗಾಳಿ ಉಸಿರಾಡಲೆಂದು ಒಂದು ಪೈಪಿನ ತುಂಡನ್ನು ಕೂರಿಸಿ, ಸದ್ದು ಹದಕ್ಕೆ ಬರುವವರೆಗೂ ಬೆರಳಗಲದಷ್ಟು ಬೆರಳಗಲದಷ್ಟು ಕೊಯ್ಯುತ್ತ ಹೋದ. ಕೊನೆಗೆ ಸಂದಿಗಳಲ್ಲಿ ಗಾಳಿ ಸೋರುತ್ತದೋ ಎಂದು ನೋಡಲು ಊದುಬತ್ತಿ ಹಚ್ಚಿ ಪೆಟ್ಟಿಗೆಯ ಸುತ್ತ ಹಿಡಿದ. ಸೋರುವ ಕಡೆ ಹೊಗೆ ನಡುಗುತ್ತದೆ.

ಇದನ್ನು ಅವನ ತಾಯಿ ಉಚ್ಚೆಂಗಮ್ಮ ನೋಡಿದಳು.

"ಯಾವ ದೇವ್ರಪ ಇದು?"

"ದೇವ್ರಲ್ಲಬೇ. ಗಾಳಿ ಸೋರ್ತೈತೇನು ನೋಡಾಕತ್ತೀನಿ."

ಆಕೆ ಯಾವುದಕ್ಕೂ ಇರಲಿ ಎಂದು ಪೆಟ್ಟಿಗೆಗೆ ಕುಂಕುಮ ಹಚ್ಚಿ ಹೋದಳು.

ಗುಡ್ಡದ ಮೇಲೆ ಕಂಪನಿಯೊಂದರ ಅದಿರು ಗಣಿಯಿದೆ. ಅಲ್ಲಿ ದಿನಾ ಮಧ್ಯಾಹ್ನ ಬ್ಲಾಸ್ಟಿಂಗ್ ಆಗುತ್ತದೆ. ಅದರಿಂದ ಗೋಡೆಗಳು ಸೀಳುತ್ತಿವೆಯೆಂದು ಬಂಡ್ರಿಯವರು ವರ್ಷಗಳಿಂದ ಅರ್ಜಿ ಕೊಡುತ್ತಿದ್ದರು. ಅರ್ಜಿಗಳು ಪರಿಶೀಲನೆಯಲ್ಲಿದ್ದವು. ಉಚ್ಚೆಂಗಮ್ಮನ ಅಡುಗೆಮನೆಯ ಬಿರುಕಿನಲ್ಲಿ ಮೊದಲು ಬಾಚಣಿಕೆ ಹಿಡಿಯುತ್ತಿತ್ತು, ಆಮೇಲೆ ಬೆಂಕಿಪೊಟ್ಟಣ, ಈಗ ಒಂದು ಸೌಟು. ರಾತ್ರಿ ಆ ಗೋಡೆಯ ಪಕ್ಕ ಯಾರೂ ಮಲಗುತ್ತಿರಲಿಲ್ಲ. ದುರುಗೇಶನ ಹೆಂಡತಿ ಲಲಿತಾ ಊರ ಹೆಂಗಸರನ್ನು ಕರೆದುಕೊಂಡು ಹೋಗಿ ಕೋಶದ ಕಚೇರಿ ಮುಂದೆ ಧರಣಿ ಕೂತ ಮೇಲೆ, ಅಧಿಕಾರಿ ನಾಗೇಂದ್ರಪ್ಪನವರು ಕಂಪನ ಅಳೆಯುವ ಯಂತ್ರದೊಂದಿಗೆ ಆಗಮಿಸಿದರು.

ಯಂತ್ರವನ್ನು ಅಡುಗೆಮನೆಯ ನೆಲಕ್ಕಿಟ್ಟರು. ಚಹಾ ಕೊಡಲಾಯಿತು. ಅದೇ ಗಳಿಗೆಯಲ್ಲಿ ಗುಡ್ಡದ ಮೇಲೆ ಬ್ಲಾಸ್ಟಿಂಗ್ ಆಯಿತು. ಅದೇ ಗಳಿಗೆಯಲ್ಲಿ ಅಂಗಳದಲ್ಲಿ ದುರುಗೇಶ್ ತನ್ನ ಪೆಟ್ಟಿಗೆಗೆ ಮೊದಲ ಹಾಡು ಹಚ್ಚಿದ. ಮನೆ ನಡುಗಿತು. ಗೋಡೆಯ ಒಂದು ಚೂರು ಅಧಿಕಾರಿಗಳ ಚಹಾದಲ್ಲಿ ಬಿತ್ತು.

"ಈಗ ಅಲುಗಾಡಿದ್ದು ಏನ್ರಿ?" ಎಂದು ನಾಗೇಂದ್ರಪ್ಪನವರು ಕೇಳಿದರು.

"ಗುಡ್ಡರೀ ಸರ," ಎಂದಳು ಲಲಿತಾ. "ದಿನಾ ಇದೇ ಹೊತ್ತಿಗೆ ಹಾರಿಸ್ತಾರ."

"ಗುಡ್ಡಕ್ಕ ಪರ್ಮಿಷನ್ ಐತಮ್ಮ. ಪರ್ಮಿಷನ್ ಇದ್ದ ಸ್ಫೋಟ ಮಿತಿಯೊಳಗ ಅಲುಗಾಡಿಸ್ತೈತಿ, ಹಂಗಂತ ನಿಯಮಾನ ಐತಿ. ಮಿಷನ್ನಿನಾಗ ಮಿತಿ ಮೀರೈತಿ. ಮಿಕ್ಕಿದ್ದು ಯಾರ್ದು?"

ಅಷ್ಟರಲ್ಲಿ ಹೊರಗಿನ ಧಂ ಧಂ ಸ್ಪಷ್ಟವಾಗಿ ಕೇಳಿಸಿತು.

ಅಧಿಕಾರಿಗಳು ಅಂಗಳಕ್ಕೆ ಬಂದು ಡಿಕ್ಕಿ ನೋಡಿದರು. "ಇದಕ್ಕ ಪರ್ಮಿಷನ್ ಐತೇನ್ರಿ?"

"ಇಲ್ರಿ ಸರ. ನಾನ ಮಾಡೀನ್ರಿ," ಎಂದ ದುರುಗೇಶ್, ಸ್ವಲ್ಪ ಹೆಮ್ಮೆಯಿಂದಲೇ.

"ಸರ, ಬಿರುಕು ನಾ ಮದುವಿ ಆಗಿ ಬರೋಕಿಂತ ಮೊದ್ಲಿಂದ ಐತ್ರಿ. ಬಾಕ್ಸ್ ಈಗ ಮಾಡ್ಯಾರ," ಎಂದು ಲಲಿತಾ ಅಡ್ಡ ಬಂದಳು.

ನಾಗೇಂದ್ರಪ್ಪನವರು ಸಹನೆಯಿಂದ ದುರುಗೇಶನ ಕಡೆ ತಿರುಗಿದರು. "ಬಾಕ್ಸ್ ಮಾಡಬೇಕನ್ನೋದು ನಿಮ್ಮ ತಲ್ಯಾಗ ಯಾವಾಗ ಬಂತ್ರಿ?"

"ಅದು ಸಾಲಿಗೆ ಹೋಗೋವಾಗಿಂದ ಆಸೆ ಇತ್ರಿ."

"ನೋಡಮ್ಮ ಮತ್ತ," ಎಂದರು ಅಧಿಕಾರಿಗಳು.

ಆಟೋಗೆ ಮೈಕು ಕಟ್ಟಿ ಊರಲ್ಲಿ ಪ್ರಕಟಣೆ ಹೊರಡಿಸಲಾಯಿತು: "ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ, ಗ್ರಾಮದಲ್ಲಿನ ಕಂಪನಕ್ಕೂ ಕಂಪನಿಗೂ ಯಾವುದೇ ಸಂಬಂಧವಿರುವುದಿಲ್ಲ." ಪೆಟ್ಟಿಗೆಯ ಪೈಪಿನ ಬಾಯಿಗೆ ಬಟ್ಟೆ ಸುತ್ತಿ, ಅರಗು ಸುರಿದು ಮೊಹರು ಮಾಡಲಾಯಿತು.

ಮರುದಿನ ಬ್ಲಾಸ್ಟಿಂಗಿಗೆ ಯಂತ್ರದ ಮುಳ್ಳು ಮತ್ತೆ ಮಿತಿ ಮೀರಿತು. ಕೋಶವು ವಿಷಯವನ್ನು ಅಧ್ಯಯನ ಮಾಡಿತು. ಸಬ್‌ವೂಫರ್ ಪೆಟ್ಟಿಗೆಗಳಲ್ಲಿ ಬಾಯಿ ಬಿಟ್ಟವು, ಬಾಯಿ ಮುಚ್ಚಿದವು ಎಂದು ಎರಡು ಜಾತಿ ಇವೆಯೆಂದೂ, ಮುಚ್ಚಿದವುಗಳ ಸದ್ದು ಹೆಚ್ಚು ಬಿಗಿಯೆಂದೂ ತಿಳಿದುಬಂತು. ಸರ್ಕಾರಿ ಮೊಹರಿನಿಂದ ಪೆಟ್ಟಿಗೆಯು ಎರಡನೇ ಜಾತಿಗೆ ಸೇರಿದ್ದು, ಅದರ ಪ್ರಭಾವ ಉತ್ತಮಗೊಂಡಿದೆ ಎಂದು ದಾಖಲಿಸಲಾಯಿತು. ಮೊಹರು ತೆಗೆಯಲು ಅವಕಾಶವಿರಲಿಲ್ಲ. ಮೊಹರು ಹಾಕುವಾಗಲೇ ಪೆಟ್ಟಿಗೆಯ ವೈರು ಕಿತ್ತುಹೋಗಿತ್ತೆಂಬುದನ್ನು ಯಾರೂ ಕೇಳಲಿಲ್ಲವಾದ್ದರಿಂದ ದುರುಗೇಶ್ ಹೇಳಲಿಲ್ಲ. ನಿಜ ಹೇಳಬೇಕೆಂದರೆ, ತನ್ನ ಪೆಟ್ಟಿಗೆ ವೈರಿಲ್ಲದೆಯೂ ಇಷ್ಟು ಕೆಲಸ ಮಾಡುತ್ತದೆಂದು ಸರ್ಕಾರ ನಂಬಿದ್ದು ಅವನಿಗೆ ಒಳಗೊಳಗೇ ಖುಷಿ ಕೊಟ್ಟಿತ್ತು.

ಹಾನಿ ಮಾಡಿದವನೇ ಸರಿಪಡಿಸತಕ್ಕದ್ದು ಎಂಬ ನಿಯಮ ಹಿಂದಿನಿಂದಲೂ ಇತ್ತು. ಹಾನಿ ಮಾಡಿದವನು ನಡೆದು ಹೋಗುವಷ್ಟು ಹತ್ತಿರದಲ್ಲಿ ಸಿಕ್ಕಿದ್ದು ಇದೇ ಮೊದಲು. ಬೆಳಿಗ್ಗೆ ಎದ್ದರೆ ದುರುಗೇಶನ ಬಾಗಿಲಿಗೆ ಜನ. ಪಕ್ಕದ ಮನೆಯ ವಿರುಪಮ್ಮ ಎಲ್ಲರಿಗಿಂತ ಮೊದಲು ಬರುತ್ತಿದ್ದಳು. ರಜೆಯ ದಿನಗಳಲ್ಲಿ ಅವನು ಕರಣೆ ಹಿಡಿದು ಮನೆ ಮನೆ ಸುತ್ತಿ ಬಿರುಕು ಮೆತ್ತತೊಡಗಿದ. ಸಿಮೆಂಟನ್ನು ಗಣಿಯವರೇ ಉಚಿತವಾಗಿ ಕೊಟ್ಟರು. ಚೀಲಗಳ ಹಿಂದೆ "ಸಂಗೀತ ಸಂತ್ರಸ್ತರಿಗೆ ನೆರವು" ಎಂಬ ಬ್ಯಾನರ್ ಕಟ್ಟಿ ಫೋಟೋ ತೆಗೆಸಿಕೊಂಡರು.

ಫೋಟೋ ಮುಗಿದ ಮೇಲೆ ಗಣಿಯ ಮ್ಯಾನೇಜರ್ ಪ್ರವೀಣ ದುರುಗೇಶನನ್ನು ಪಕ್ಕಕ್ಕೆ ಕರೆದ.

"ಬಾಕ್ಸ್ ಮಸ್ತ್ ಮಾಡೀರಿ. ಇನ್ನೊಂಚೂರು ದೊಡ್ಡದು ಮಾಡಾಕ ಬರ್ತೈತೇನ್ರಿ?"

"ಬರ್ತೈತ್ರಿ. ಯಾಕ್ರಿ?"

"ಮುಂದಿನ ತಿಂಗಳಿಂದ ನಮ್ಮ ಬ್ಲಾಸ್ಟಿಂಗ್ ದೊಡ್ಡದಾಗೋದೈತಿ."

ಆ ಪೆಟ್ಟಿಗೆಯನ್ನು ಅದುವರೆಗೆ ಯಾರೂ ಹೊಗಳಿರಲಿಲ್ಲ. ದುರುಗೇಶ್ ಮನೆಗೆ ಬಂದವನೇ ಪೇಪರು ಹಾಸಿಕೊಂಡು ದೊಡ್ಡ ಅಳತೆಗೆ ಕತ್ತರಿಸಲು ಕೂತ. ಲಲಿತಾ ಬಾಗಿಲಲ್ಲಿ ನಿಂತು ನೋಡಿದಳು.

"ನಿಮ್ಮವ್ವ ಆ ಗ್ವಾಡಿ ಬುಡಕ ರೊಟ್ಟಿ ಬಡೀತಾಳ. ಅದು ನೆನಪೈತಿಲ್ರಿ ನಿಮಗ?" ಎಂದಳು. ಆಮೇಲೆ ಅವನೊಂದಿಗೆ ಮಾತಾಡಲಿಲ್ಲ.

ಮಾತಿಲ್ಲದ ಮನೆಯಲ್ಲಿ ಕೆಲವು ದಿನ ಉಂಡ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಪೇಪರು ಮಡಿಸಿಟ್ಟು, ಸ್ಪ್ಯಾನರ್ ತಂದು ಇದ್ದ ಪೆಟ್ಟಿಗೆಯನ್ನೂ ಕಾರಿನಿಂದ ಬಿಚ್ಚಿ ಹಿತ್ತಲಿಗೆ ಹಾಕಿದ. ಸ್ಪೀಕರು ತೆಗೆದ ತೂತಿನೊಳಗೆ ಕೋಳಿಯೊಂದು ಹೋಗಿ ಕೂತಿತು. ಅತ್ತ ದೊಡ್ಡ ಬ್ಲಾಸ್ಟಿಂಗ್ ಶುರುವಾಯಿತು. ವಿರುಪಮ್ಮನ ಪಡಸಾಲೆಯ ಗೋಡೆ ಮೊಳಕಾಲೆತ್ತರಕ್ಕೆ ಬಾಯಿಬಿಟ್ಟಿತು. ಆಕೆ ನೇರ ಇವನ ಬಾಗಿಲಿಗೆ ಬಂದಳು.

"ಬಾಕ್ಸ್ ಬಿಚ್ಚೀನಿ ಯಕ್ಕಾ. ಬಂದು ನೋಡು, ಕೋಳಿ ಕುಂತೈತಿ," ಎಂದ ದುರುಗೇಶ್. ಅವನ ದನಿಯಲ್ಲಿ ಗೆದ್ದ ಸಮಾಧಾನವಿತ್ತು.

"ಕೋಳಿ ಕುಂತಿದ್ದು ನನಗ ಗೊತ್ತೈತಿ. ಗುಡ್ಡದ್ದ ಕೆಲಸ ಅನ್ನೋದೂ ಗೊತ್ತೈತಿ," ಎಂದಳು ವಿರುಪಮ್ಮ. "ಗುಡ್ಡದೋರು ಇಳಿದು ಬಂದು ಯಾರದಾರ ಗ್ವಾಡಿ ಮೆತ್ತಿದ್ದು ನೋಡೀಯೇನು? ನೀ ಬಾಕ್ಸ್ ಇಟ್ಟ ಮ್ಯಾಲೆ ನಂದು ಎರಡು ಸಲ ಮೆತ್ತಿ ಕೊಟ್ಟಿ. ಬಾಕ್ಸ್ ಇಲ್ಲ ಅಂದ್ರ ನಾ ಯಾರನ್ನ ಕೇಳ್ಲಿ? ಸುಮ್ಕ ಒಳಗ ಇಡಪ."

ಆಕೆಯ ಹಿಂದೆ ನಿಂತಿದ್ದವರೂ ಅದನ್ನೇ ಹೇಳಿದರು. ಮರುವಾರ ಗ್ರಾಮಸಭೆ ಸೇರಿ, ಸದರಿ ಪೆಟ್ಟಿಗೆಯು ಗ್ರಾಮದ ಹಿತದೃಷ್ಟಿಯಿಂದ ಅನಿವಾರ್ಯವಾಗಿದ್ದು ಅದನ್ನು ತಕ್ಷಣ ಯಥಾಸ್ಥಾನದಲ್ಲಿ ಕೂರಿಸತಕ್ಕದ್ದೆಂದು ಸರ್ವಾನುಮತದಿಂದ ನಿರ್ಣಯಿಸಿತು. ದುರುಗೇಶ್ ಹಿತ್ತಲಿಗೆ ಹೋಗಿ ಕೋಳಿಯನ್ನು ಎಬ್ಬಿಸಿದ. ಪೆಟ್ಟಿಗೆ ಒಬ್ಬನಿಂದ ಏಳಲಿಲ್ಲ. ಲಲಿತಾ ಬಂದು ಸೆರಗು ಸಿಕ್ಕಿಸಿ ಇನ್ನೊಂದು ತುದಿ ಹಿಡಿದಳು.

"ನಿಧಾನರೀ, ಬೆರಳು," ಎಂದಳು. ಅಂದಿನಿಂದ ಮತ್ತೆ ಮಾತಾಡತೊಡಗಿದಳು.

ಈಗ ಎಲ್ಲವೂ ಕ್ರಮಬದ್ಧವಾಗಿದೆ. ಗುಡ್ಡದಲ್ಲಿ ಮಧ್ಯಾಹ್ನ ಸೈರನ್ ಕೂಗಿದರೆ ದಾರಿಯಲ್ಲಿ ಹೋಗುವವರು, "ದುರುಗೇಶ ಹಾಡು ಹಚ್ಚಾಕತ್ತಾನ," ಎಂದು ಗೋಡೆಯಿಂದ ದೂರ ಸರಿಯುತ್ತಾರೆ.

ಮೊನ್ನೆ ದುರುಗೇಶ್ ತಾಯಿಯ ಎದುರು ಕೂತು ಊಟ ಮಾಡುತ್ತಿದ್ದ. ಕಾರು ಅಂಗಳದಲ್ಲಿ ಬೀಗ ಹಾಕಿಕೊಂಡು ನಿಂತಿತ್ತು. ಮನೆ ಒಮ್ಮೆಲೇ ನಡುಗಿತು. ಮೇಲಿನಿಂದ ಮಣ್ಣು ಉದುರಿ ಸಾರಿನಲ್ಲಿ ಬಿತ್ತು. ಉಚ್ಚೆಂಗಮ್ಮ ತಟ್ಟೆಗೆ ಕೈ ಅಡ್ಡ ಹಿಡಿದು ಮಗನ ಮುಖ ನೋಡಿದಳು.

"ಲೇ ದುರುಗ, ಸೌಂಡ್ ಒಂಚೂರು ಕಮ್ಮಿ ಮಾಡಪ. ಉಣ್ಣಾಕತ್ತೀವಿ."

ದುರುಗೇಶ್ ಎದ್ದು ಕೈ ತೊಳೆದುಕೊಂಡ. ಅಂಗಳಕ್ಕೆ ಹೋಗಿ ಕಾರಿನ ಬೀಗ ತೆಗೆದು, ಒಳಗೆ ಕೂತು, ಗುಂಡಿಯನ್ನು ಎಡಕ್ಕೆ ತಿರುಗಿಸಿದ. ಬೀಗ ಹಾಕಿ ಬಂದು ಮತ್ತೆ ತಟ್ಟೆಯ ಮುಂದೆ ಕೂತ.

"ಮಾಡೀನಬೇ," ಎಂದ.

"ಈಗ ಬರೋಬ್ಬರಿ ಆತು ನೋಡು," ಎಂದು ಉಚ್ಚೆಂಗಮ್ಮ ಅವನಿಗೆ ಇನ್ನೊಂದು ರೊಟ್ಟಿ ಹಾಕಿದಳು.