ಫುಟ್‌ಬಾಲ್ ಪೂಲಿನಲ್ಲಿ ಎರಡು ಮನೆ

ಲೆಕ್ಕ ಓದಿದವನ ಹಣೆಯಲ್ಲಿ ನೆಮ್ಮದಿ ಬರೆದಿರುವುದಿಲ್ಲ. ಮದುವೆಗೆ ಹೋದರೆ ಎಲೆ ಎಣಿಸು ಅನ್ನುತ್ತಾರೆ, ಹೋಟೆಲಿಗೆ ಹೋದರೆ ಬಿಲ್ಲು ಹಂಚು ಅನ್ನುತ್ತಾರೆ. ನ್ಯೂವಾರ್ಕಿನ ಇನ್ಶೂರೆನ್ಸ್ ಆಫೀಸಿನಲ್ಲಿ ನನಗೆ ಗಂಟುಬಿದ್ದದ್ದು ಫುಟ್‌ಬಾಲ್ ಪೂಲ್. ಅದೂ ಎಂಥ ಕಾಲದಲ್ಲಿ? ಕಾರಿನ ಗ್ಯಾಸ್‌ಗೆ, ಅಂದರೆ ಪೆಟ್ರೋಲಿಗೆ, ಮೈಲುಗಟ್ಟಲೆ ಕ್ಯೂ ನಿಂತಿದ್ದೆವಲ್ಲ, ಅದರ ಮುಂದಿನ ಚಳಿಗಾಲ. ದಿನಕ್ಕೊಂದು ಲೇಆಫ್ ಸುದ್ದಿ. ಹೆಂಡತಿಗೆ ಜನವರಿಯಲ್ಲಿ ಹೆರಿಗೆ, ಆಸ್ಪತ್ರೆಯ ಖರ್ಚೆಲ್ಲ ಆಫೀಸಿನ ಇನ್ಶೂರೆನ್ಸ್ ಮೇಲೆ. ಕೆಲಸ ಹೋದರೆ ಅದೂ ಹೋಯಿತು. ನನಗೆ ಊಟ ಸೇರುತ್ತಿರಲಿಲ್ಲ, ಮಿಕ್ಕವರಿಗೆ ನನ್ನಿಂದ ಜ್ಯೋತಿಷ್ಯ ಬೇಕಿತ್ತು.

ಯಾವ ಚೌಕ ಒಳ್ಳೆಯದು?

ಪೂಲ್ ಅಂದರೆ ಇಷ್ಟೇ. ಒಂದು ಹಾಳೆ, ಅದರಲ್ಲಿ ನೂರು ಚೌಕ. ಡಾಲರಿಗೊಂದರಂತೆ ಕೊಂಡು ಹೆಸರು ಬರೆಯಬೇಕು. ಎಲ್ಲ ತುಂಬಿದ ಮೇಲೆ ಅಡ್ಡಸಾಲಿಗೂ ಉದ್ದಸಾಲಿಗೂ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಚೀಟಿ ಎತ್ತಿ ಬರೆಯುತ್ತಾರೆ. ಭಾನುವಾರದ ಆಟದಲ್ಲಿ ಎರಡು ಟೀಮುಗಳ ಸ್ಕೋರಿನ ಕೊನೆಯ ಅಂಕಿಗಳು ಯಾರ ಚೌಕಕ್ಕೆ ಬಂದು ಕೂಡುತ್ತವೋ ಅವರಿಗೆ ದುಡ್ಡು.

ಪೂಲ್ ನಡೆಸುತ್ತಿದ್ದ ಹಿರಿಯ ಗುಮಾಸ್ತ ಹಾಳೆಯನ್ನು ನನ್ನ ಮೇಜಿಗೆ ತಂದು, "ಪ್ರಾಬಬಿಲಿಟಿ ಓದಿದವನು ನೀನು. ಯಾವ ಚೌಕ ಒಳ್ಳೇದು?" ಅಂದ.

"ಅಂಕಿ ಇನ್ನೂ ಬಿದ್ದಿಲ್ಲ. ಎಲ್ಲಾ ಒಂದೇ," ಅಂದೆ.

"ಹೇಳೋಕೆ ಇಷ್ಟ ಇಲ್ಲ ಅನ್ನು."

ಕಣ್ಣು ಮುಚ್ಚಿಕೊಂಡು ಒಂದರಲ್ಲಿ ಹೆಸರು ಬರೆದೆ. ಮೊಸರನ್ನದ ಡಬ್ಬಿ ಖಾಲಿ ಮಾಡಿ ಬರುವಷ್ಟರಲ್ಲಿ ಅದರ ಸುತ್ತಲಿನ ಎಂಟೂ ಚೌಕಗಳು ಮಾರಾಟವಾಗಿದ್ದವು. ಒಂದನ್ನು ನಮ್ಮ ಬಾಸ್ ಕೊಂಡಿದ್ದರು.

ಎರಡು–ಐದು

ಚೀಟಿ ಎತ್ತಿದಾಗ ನನಗೆ ಬಂದದ್ದು ಎರಡು–ಐದು. ಅಮೆರಿಕದವರ ಈ ಫುಟ್‌ಬಾಲಿನಲ್ಲಿ ಪಾಯಿಂಟು ಬರುವುದು ಹೆಚ್ಚಾಗಿ ಏಳು ಇಲ್ಲವೇ ಮೂರರ ಲೆಕ್ಕದಲ್ಲಿ. ಹಾಗಾಗಿ ಏಳು, ಸೊನ್ನೆ, ಮೂರು, ನಾಲ್ಕು ಸಿಕ್ಕವರು ಪುಣ್ಯವಂತರು. ಎರಡು–ಐದು ಅಂದರೆ ಶುದ್ಧ ದರಿದ್ರ.

ಪಕ್ಕದ ಮೇಜಿನವನಿಗೆ ಏಳು–ಸೊನ್ನೆ ಬಂದಿತ್ತು. ನನ್ನ ಇಂಗು ತಿಂದ ಮಂಗನ ಮುಖ ನೋಡಿ ಅವನಿಗೆ ಅನುಮಾನ. "ಬದಲಾಯಿಸಿಕೊಳ್ಳೋಣ," ಅಂದ.

"ಬೇಡ ಮಾರಾಯ, ನಂದು ಕೆಟ್ಟದ್ದು."

"ಕೆಟ್ಟದ್ದಾದರೆ ಕೊಡೋಕೆ ಯಾಕೆ ಹಿಂದೆಮುಂದೆ ನೋಡ್ತೀಯ?"

ಚೌಕ ಬದಲಾಯಿಸಿ ಕೊಟ್ಟೆ. ಭಾನುವಾರ ಎರಡು ಟೀಮುಗಳೂ ಕೆಸರಿನಲ್ಲಿ ಜಾರಿ ಬಿದ್ದು, ಮೂರು ಮೂರೇ ಪಾಯಿಂಟು ಒದ್ದುಕೊಂಡು, ಹನ್ನೆರಡು–ಹದಿನೈದಕ್ಕೆ ಆಟ ಮುಗಿಸಿದವು. ಸೋಮವಾರ ಅವನು ನನಗೊಂದು ಕಾಫಿ ತಂದಿಟ್ಟು ಎಲ್ಲರಿಗೂ ಹೇಳಿದ: "ಈ ಮನುಷ್ಯ ಯಾವುದನ್ನು ಬೇಡ ಅಂತಾನೋ ಅದನ್ನೇ ಕೊಳ್ಳಿ."

ಎರಡು ಮನೆ

ಚೌಕಾಬಾರ ಆಡಿ ಬೆಳೆದ ಬಾಯಿ ನನ್ನದು. ಚೌಕಕ್ಕೆ 'ಮನೆ' ಅಂತಲೇ ಬರುವುದು. ಒಂದು ದಿನ ಆಫೀಸಿನಿಂದ ಹೆಂಡತಿಗೆ ಫೋನ್ ಮಾಡಿ, ಲೇಟಾಗುತ್ತೆ ಅಂತ ಹೇಳುವಾಗ, "ಇವತ್ತು ಎರಡು ಮನೆ ತಗೊಂಡೆ ಕಣೇ, ಅಕ್ಕಪಕ್ಕದ್ದೇ. ಒಂದು ಮೂಲೇದು," ಅಂದು ಫೋನ್ ಇಟ್ಟೆ.

ನಾವಿದ್ದದ್ದು ಹ್ಯಾರಿಸನ್ನಿನಲ್ಲಿ, ಕಾರ್ಖಾನೆಯ ಹಿಂದೆ, ಬಾಡಿಗೆಯ ಒಂದೂವರೆ ರೂಮಿನಲ್ಲಿ. ತೊಟ್ಟಿಲು ಎಲ್ಲಿಡುವುದು ಅನ್ನುವುದೇ ಅವಳ ಚಿಂತೆ. ಆ ವಾರ ಅವಳ ಮುಖದಲ್ಲಿ ಕಳೆ ಬಂದಿತ್ತು. ನಾನು, ಬಸುರಿಯ ಕಳೆ ಇರಬೇಕು ಅಂದುಕೊಂಡೆ.

ಭಾನುವಾರ ಬೆಲ್‌ರೋಸಿನ ಸ್ನೇಹಿತರ ಮನೆಯಲ್ಲಿ ಅವಳಿಗೆ ಸೀಮಂತ. ಒಳಗೆ ಕಾಲಿಡುತ್ತಲೇ ಒಬ್ಬ ಡಾಕ್ಟರು ನನ್ನ ಕೈ ಕುಲುಕಿ, "ಮಾರ್ಟ್‌ಗೇಜ್ ಎಷ್ಟಕ್ಕೆ ಸಿಕ್ತು?" ಅಂದರು. ಇನ್ನೊಬ್ಬರು ಸೋಫಾದ ಮೂಲೆಗೆ ಕರೆದು, "ಎರಡನೇದನ್ನ ಬಾಡಿಗೆಗೆ ಕೊಡೋದಾದರೆ ನಮ್ಮ ಭಾವಮೈದುನ ಬರ್ತಿದಾನೆ," ಅಂದರು. ಅಕ್ಕಪಕ್ಕದ್ದು, ಮೂಲೇದು ಅಂತ ಹೆಂಗಸರೆಲ್ಲ ಮಾತಾಡುತ್ತಿದ್ದರು. ಫೋನಿನಲ್ಲಿ ಆಡಿದ್ದು ನೆನಪಾಗಿ ಹೋಳಿಗೆಯ ತಟ್ಟೆ ಕೆಳಗಿಟ್ಟೆ.

ವಾಪಸು ಡ್ರೈವ್ ಮಾಡುವಾಗ ನಿಜ ಹೇಳಿದೆ. ಕೈ ತುಂಬ ತೊಟ್ಟ ಹಸಿರು ಬಳೆಗಳನ್ನು ಅವಳು ಒಂದೊಂದಾಗಿ ಹಿಂದಕ್ಕೆ ಸರಿಸತೊಡಗಿದಳು. ನನಗೆ ಅಳು ಬರುವ ಹಾಗಾಯಿತು. ಅವಳು ಧಾರವಾಡದವಳು. ಸೇತುವೆ ದಾಟಿದ ಮೇಲೆ ಅಂದಳು: "ಹೋಗ್ಲಿ ಬಿಡ್ರಿ. ಅವಕ್ಕ ಪ್ರಾಪರ್ಟಿ ಟ್ಯಾಕ್ಸ್ ಅಂತೂ ಇಲ್ಲಲ್ಲ."

ಬಾಸ್ ಕೊಂಡ ಹೆಸರು

ಡಿಸೆಂಬರಿನಲ್ಲಿ ಮೇಲಿನಿಂದ ಸುದ್ದಿ ಬಂತು. ಕ್ರಿಸ್‌ಮಸ್‌ಗೆ ಮುಂಚಿನ ಶುಕ್ರವಾರ ನಮ್ಮ ಸೆಕ್ಷನ್ನಿನಿಂದ ಒಬ್ಬರನ್ನು ಮನೆಗೆ ಕಳಿಸಬೇಕು, ಯಾರನ್ನು ಅಂತ ಬಾಸ್ ಬರೆದುಕೊಡಬೇಕು. ಯಾರೂ ಯಾರ ಮುಖವನ್ನೂ ನೋಡದ ಹಾಗಾಯಿತು. ಅಷ್ಟರಲ್ಲಿ ಗುಮಾಸ್ತ ಹೊಸ ಹಾಳೆ ತಂದ. ಈ ಸಲ ಅಂಕಿ ಇಲ್ಲ, ನಮ್ಮ ಒಬ್ಬೊಬ್ಬರ ಹೆಸರಿಗೆ ಒಂದೊಂದು ಚೌಕ. ಯಾರು ಹೋಗುತ್ತಾರೋ, ಅವರ ಹೆಸರು ಕೊಂಡವರಿಗೆ ದುಡ್ಡು. ರೇಟೂ ಜಾಸ್ತಿ.

"ಇದು ಕಟುಕರ ಆಟ," ಅಂದೆ.

"ಹೌದು. ಯಾರು ಹೋಗೋ ಚಾನ್ಸ್ ಜಾಸ್ತಿ, ಹೇಳು."

ಬೈದುಕೊಂಡೇ ಲೆಕ್ಕ ಹಾಕಿದೆ. ಕೊನೆಗೆ ಸೇರಿದವನು, ದೂರದೇಶದವನು. ಹೇಗೆ ಹಾಕಿದರೂ ನನ್ನ ಹೆಸರೇ ಮೇಲೆ ಬಂತು. ಆಗ ಹೊಳೆಯಿತು, ನನ್ನ ಹೆಸರನ್ನು ನಾನೇ ಕೊಂಡರೆ? ಹೋದರೆ ಆಸ್ಪತ್ರೆಗೆ ಒಂದಿಷ್ಟು ದುಡ್ಡು, ಉಳಿದರೆ ಕೆಲಸ. ಇನ್ಶೂರೆನ್ಸ್ ಅಂದರೆ ಇದೇ ತಾನೆ. ಪರ್ಸು ತೆಗೆದೆ.

"ನಿನ್ನದು ಆಗಲೇ ಹೋಗಿದೆ," ಅಂದ ಗುಮಾಸ್ತ.

"ಯಾರು ತಗೊಂಡರು?"

ಅವನು ನೆಲ ನೋಡುತ್ತಾ ಹೇಳಿದ: "ಬಾಸ್."

ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿ, ತಲೆಯ ಮೇಲೆ ಕೈ ಹೊತ್ತು ಕೂತೆ. ಅವಳು ಮಗುವಿನ ಬಟ್ಟೆ ಮಡಿಸುತ್ತಾ, "ನಾಳೆ ಹೋಗಿ ಅವರನ್ನ ಕೇಳ್ರಿ. ಕೇಳಿದ್ರ ಏನು, ಎರಡೆರಡು ಸಲ ತೆಗೀತಾರೇನು?" ಅಂದಳು.

ಕೇಳಿದೆ. ಬಾಸ್ ಎದ್ದು ಬಾಗಿಲು ಹಾಕಿದರು. "ಹೆರಿಗೆ ಜನವರಿಯಲ್ಲಿ ತಾನೆ? ಅದಕ್ಕೇ ಕೊಂಡೆ. ಈಗ ನಿನ್ನನ್ನು ತೆಗೆದರೆ, ಪೂಲ್ ದುಡ್ಡಿನ ಆಸೆಗೆ ತೆಗೆದ ಅಂತ ಇಡೀ ಆಫೀಸು ಮುಖಕ್ಕೆ ಉಗಿಯುತ್ತೆ. ನಿನ್ನನ್ನು ತೆಗೆಯೋದು ನನ್ನ ಕೈಲಿ ಆಗದ ಮಾತು."

ನನಗೆ ಕಣ್ಣು ತುಂಬಿ ಬಂತು. "ಮತ್ತೆ ಯಾರನ್ನು, ಸರ್?"

"ಒಬ್ಬೊಬ್ಬರಿಗೂ ಒಂದೊಂದು ತಾಪತ್ರಯ. ಯಾರ ಹೆಸರನ್ನೂ ಬರೆಯೋಕೆ ಕೈ ಏಳ್ತಿಲ್ಲ."

ಬರೆಯಲೇ ಇಲ್ಲ. ಶುಕ್ರವಾರ ಮೇಲಿನವರೇ ಒಂದು ಹೆಸರು ಬರೆದು ಕಳಿಸಿದರು, ಬಾಸ್‌ದು. ಹಾಳೆಯಲ್ಲಿ ಅವರಿಗೊಂದು ಚೌಕ ಹಾಕಬೇಕು ಅಂತ ನಮಗೆ ಯಾರಿಗೂ ಹೊಳೆದೇ ಇರಲಿಲ್ಲ. ಗೆದ್ದವರು ಯಾರೂ ಇಲ್ಲ. ಗುಮಾಸ್ತ ನಮ್ಮೆಲ್ಲರ ಮುಖ ನೋಡಿ, ಅಷ್ಟೂ ದುಡ್ಡನ್ನು ಒಂದು ಕವರಿಗೆ ಹಾಕಿ ಅವರ ಕೈಗೆ ಕೊಟ್ಟ.

ಲಿಫ್ಟಿನ ಹತ್ತಿರ ಸಾಲಾಗಿ ನಿಂತಿದ್ದೆವು. ಬಾಸ್ ಕವರನ್ನು ಓವರ್‌ಕೋಟಿನ ಜೇಬಿಗಿಟ್ಟುಕೊಂಡು ನನ್ನ ಕಡೆ ತಿರುಗಿದರು. "ಇಷ್ಟು ವರ್ಷ ಆಡಿದೀನಿ, ಗೆದ್ದದ್ದು ಇದೇ ಮೊದಲು, ಅದೂ ನಾನು ಕೊಳ್ಳದ ಹೆಸರಿಗೆ. ಒಳಗಿನ ಸುದ್ದಿ ಗೊತ್ತಿಲ್ಲದೇ ಇದ್ದರೇ ಒಳ್ಳೇದು ಕಣಯ್ಯ."