ಲೈಲ್‌ನ ಹಿತ್ತಾಳೆ ಬಿಲ್ಲೆ

ಲೈಲ್ ಕ್ರೆಬ್ಸ್ ಆರು ವರ್ಷದಿಂದ ಮೊದಲನೆಯ ಗುಂಡಿಗೇ ಸಾಯುತ್ತಿದ್ದ. ನೂರರವತ್ತು ವರ್ಷ ಹಿಂದಿನ ಅಮೆರಿಕದ ಅಂತರ್ಯುದ್ಧವನ್ನು ಪ್ರತಿ ಜುಲೈನಲ್ಲೂ ಪೆನ್ಸಿಲ್ವೇನಿಯಾದ ಹುಲ್ಲುಗಾವಲೊಂದರಲ್ಲಿ ಆಡಿ ತೋರಿಸುವ ಪಡೆ ಅವನದು. ಯಾರು ಯಾವಾಗ ಸಾಯಬೇಕೆಂದು ಹೇಳುವವರು ಕ್ಯಾಪ್ಟನ್ ಬರ್ಡಿಕ್. ವರ್ಷವೆಲ್ಲ ಹಲ್ಲಿನ ಡಾಕ್ಟರು, ಆ ಒಂದು ಶನಿವಾರ ಮಾತ್ರ ಯಮಧರ್ಮರಾಯ. ಸತ್ತವರು ಉಣ್ಣೆ ಕೋಟು ತೊಟ್ಟು ನಲವತ್ತು ನಿಮಿಷ ಬಿಸಿಲಲ್ಲಿ ಬಿದ್ದಿರಬೇಕು. ಇರುವೆ ಕಡಿದರೂ ಕೆರೆದುಕೊಳ್ಳುವ ಹಾಗಿಲ್ಲ.

ಈ ಸಲ ಕ್ಯಾಪ್ಟನ್ ಹೊಸ ಫರ್ಮಾನು ಹೊರಡಿಸಿದ್ದರು. ಹನ್ನೊಂದು ಗಂಟೆಯ ತಪಾಸಣೆಯಲ್ಲಿ ಯಾರ ಬೆಲ್ಟಿನ ಚರ್ಮ, ಹಿತ್ತಾಳೆ ಎಲ್ಲರದಕ್ಕಿಂತ ಚೆನ್ನಾಗಿರುತ್ತದೋ ಅವನಿಗೆ ದಿನದ ಮುಖ್ಯ ಪಾತ್ರ. ಕಲ್ಲುಗೋಡೆ ಹಾರಿ ಶತ್ರುವಿನ ಫಿರಂಗಿ ಹಿಡಿಯುವುದಕ್ಕಿಂತ ಮುಖ್ಯವಾದದ್ದು ಇನ್ನೇನಿದ್ದೀತು? ಲೈಲ್ ಆಗಲೇ ಮಾವ ಹರ್ಬ್‌ಗೆ ಫೋನು ಮಾಡಿ, "ಈ ಸಲ ನಾನು ಗೋಡೆ ಹಾರೋದನ್ನ ನೋಡೋಕೆ ಬನ್ನಿ" ಎಂದು ಕೊಚ್ಚಿಕೊಂಡಿದ್ದ.

ಬೆಳಗಿನಿಂದ ಉಜ್ಜಿ ಉಜ್ಜಿ ಬೆಲ್ಟಿನ ಅಕ್ಷರ ಕೆತ್ತಿದ ಹಿತ್ತಾಳೆ ಬಿಲ್ಲೆಯಲ್ಲಿ ಮುಖ ಕಾಣುವಂತೆ ಮಾಡಿದ. ಅಷ್ಟರಲ್ಲಿ ಪಡೆಯ ಅಗಸಗಿತ್ತಿಯ ವೇಷದ ವರ್ನಾ ಬಂದಳು.

"ಬಿಲ್ಲೆ ಏನೋ ಹೊಳೀತಿದೆ. ಚರ್ಮ ನೋಡೋ, ಬಿರುಕು ಬಿಟ್ಟಿದೆ! ಎಣ್ಣೆ ಕಾಣಿಸಿ ಎಷ್ಟು ದಿನ ಆಯ್ತು?"

"ಒಂಚೂರು ಹಚ್ಚಿದೀನಲ್ಲ ವರ್ನಾ."

"ಒಂಚೂರಂತೆ! ಕೊಡು ಇಲ್ಲಿ." ಲೈಲ್ ಬೇಡ ಬೇಡವೆನ್ನುವಷ್ಟರಲ್ಲಿ ಬೆಲ್ಟು, ತೋಟಾ ಚೀಲ ಎರಡೂ ಎಣ್ಣೆಯಲ್ಲಿ ಮಿಂದವು. ಬಿಸಿಲಿಗೆ ಚರ್ಮ ಮೆತ್ತಗಾಗಿ ಬೆಲ್ಟು ಸೊಂಟದಿಂದ ತೊಡೆಗೆ ಜೋತುಬಿತ್ತು.

ಅದನ್ನು ಎಳೆದುಕೊಳ್ಳುತ್ತಿರುವಾಗ ಸಾರ್ಜೆಂಟ್ ಡೆಲ್ಬರ್ಟ್ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತ. ತನ್ನ ಕೋಟಿನ ಗುಂಡಿಗಳು ಮಂಕಾಗಿರಲೆಂದು ವರ್ಷಗಟ್ಟಲೆ ಒರೆಸದ ಮಹಾಶಯ ಅವನು.

"ಏನಯ್ಯಾ ಇದು, ಬೆಲ್ಟೋ ಕಾರಿನ ದೀಪಾನೋ? ಮೂರು ತಿಂಗಳು ನಡೆದು ಬಂದ ಸಿಪಾಯಿ ಬಿಲ್ಲೆ ಹಿಂಗಿರತ್ತಾ? ಕ್ಯಾಪ್ಟನ್ ಮೊದಲು ನಿನ್ನನ್ನೇ ಸಾಯಿಸ್ತಾರೆ."

ಹೊಳಪು ಇಳಿಸಲು ಲೈಲ್, ಡೆಲ್ಬರ್ಟ್ ಹೇಳಿಕೊಟ್ಟಂತೆ ಸೌತೆಕಾಯಿ ಉಪ್ಪಿನಕಾಯಿಯ ಹುಳಿನೀರಲ್ಲಿ ಬಟ್ಟೆ ಅದ್ದಿ ಬಿಲ್ಲೆಗೆ ಸುತ್ತಿಟ್ಟ. ಅರ್ಧ ಗಂಟೆ ಬಿಟ್ಟು ಬಿಚ್ಚಿದರೆ ಬಿಲ್ಲೆ ಮಂಕಾಗುವ ಬದಲು ಪಾಚಿಗಟ್ಟಿದ ಹಾಗೆ ಹಸಿರಾಗಿತ್ತು. ಹಸಿರು ಚರ್ಮಕ್ಕೂ ಇಳಿದಿತ್ತು.

"ಅಯ್ಯೋ, ಅದಕ್ಕೆ ಕೆಚಪ್ ಹಾಕಿ ಉಜ್ಜಬೇಕು!" ವರ್ನಾ ಮತ್ತೆ ಹಾಜರು.

ಲೈಲ್ ಹಾಟ್‌ಡಾಗ್ ಅಂಗಡಿಗೆ ಓಡಿ ಕೈತುಂಬ ಕೆಚಪ್ ಪೊಟ್ಟಣ ಹೊತ್ತು ತಂದ. ಬಳಿದ ಕೆಚಪ್ಪನ್ನು ಒರೆಸುವ ಮೊದಲೇ ತಪಾಸಣೆಯ ತಮಟೆ ಬಡಿದರು. ಎಣ್ಣೆ, ಹುಳಿ, ಕೆಚಪ್ಪಿನ ವಾಸನೆ ಹೊತ್ತು, ನಾಲ್ಕು ಕಣಜದ ಹುಳುಗಳ ಮೆರವಣಿಗೆಯೊಂದಿಗೆ ಅವನು ಸಾಲಿನಲ್ಲಿ ನಿಂತ. ಆರು ವರ್ಷದಲ್ಲಿ ಅವನಿಗೆ ಇಷ್ಟು ಅಳು ಬಂದಿರಲಿಲ್ಲ.

ಕ್ಯಾಪ್ಟನ್ ಬಂದು ಬಗ್ಗಿ ನೋಡಿದರು. ಮೂಸಿದರು. ಮತ್ತೆ ಮೂಸಿದರು.

"ನೋಡ್ರಯ್ಯಾ ಎಲ್ರೂ!" ಅವರು ಬಿಲ್ಲೆಯತ್ತ ಬೆರಳು ಮಾಡಿದರು. "ಇಪ್ಪತ್ತು ವರ್ಷದಿಂದ ಇಂಥ ಬೆಲ್ಟಿಗೆ ಕಾಯ್ತಿದ್ದೆ. ಮಳೇಲಿ ನೆನೆದು, ಹಂದಿ ಕೊಬ್ಬು ಹೀರಿ, ಅಕ್ಷರದ ಸಂದೀಲಿ ರಕ್ತ ಒಣಗಿ... ಯುದ್ಧದ ನಾತ ಕಣ್ರಯ್ಯಾ ಇದು! ಮುಖ್ಯ ಪಾತ್ರ ಲೈಲ್‌ದೇ!"

ಲೈಲ್ ಟೋಪಿ ಮೇಲಕ್ಕೆಸೆದ. "ಹಾಗಾದ್ರೆ ಗೋಡೆ ಯಾವಾಗ ಹಾರ್ಲಿ, ಕ್ಯಾಪ್ಟನ್?"

"ಗೋಡೆನಾ? ಇಂಥ ಸಾಮಾನು ಅಷ್ಟು ದೂರ ಓಡಿಹೋದ್ರೆ ಯಾರಿಗೆ ಕಾಣತ್ತೆ? ಜನರ ಹಗ್ಗದ ಪಕ್ಕದಲ್ಲೇ, ಮೊದಲನೇ ಗುಂಡಿಗೆ ಬೀಳು. ಎಲ್ರೂ ಹತ್ತಿರದಿಂದ ನೋಡ್ಲಿ."

ಲೈಲ್ ಬಿದ್ದ. ಗೋಡೆಯನ್ನು ಡೆಲ್ಬರ್ಟ್ ಹಾರಿದ. ಹಗ್ಗದಾಚೆ ನಿಂತ ಹತ್ತಾರು ಜನ ಬಗ್ಗಿ ಬಗ್ಗಿ ಫೋಟೋ ತೆಗೆದರು. ವರ್ನಾ ಅವರಿಗೆಲ್ಲ, "ಎಣ್ಣೆ ಹಚ್ಚಿದ್ದು ನಾನೇ" ಎನ್ನುತ್ತಿದ್ದಳು. ಮಾವ ಹರ್ಬ್ ಅಳಿಯನನ್ನು ಗುರುತು ಹಿಡಿದು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಒಂದು ಕಣಜ ಬಿಲ್ಲೆಯಿಂದ ಮೂಗಿಗೆ ಬಂದು ಕೂತಿತು. ಸತ್ತವನು ಅಲುಗಾಡುವ ಹಾಗಿಲ್ಲ.

ಹೊಗೆಯ ಮರೆಯಲ್ಲಿ ಕ್ಯಾಪ್ಟನ್ ಪಕ್ಕಕ್ಕೆ ಬಂದು ಮಂಡಿಯೂರಿ ಪಿಸುಗುಟ್ಟಿದರು.

"ಶಹಬ್ಬಾಸ್ ಲೈಲ್! ಬೆಲ್ಟನ್ನ ಯಾವ ಕಾರಣಕ್ಕೂ ತೊಳೀಬೇಡ. ಇನ್ಮೇಲೆ ಪ್ರತಿ ವರ್ಷ ಈ ಪಾತ್ರ ನಿಂದೇ."